ಕಾಡು, ಕಡಲು, ಹುಲ್ಲುಗಾವಲು: ಜೀವಶಾಸ್ತ್ರ ಓದಲು ಮುಂಬಯಿಯೋ, ಪುಣೆಯೋ, ಗೋವಾವೋ?

ಮೇ ತಿಂಗಳು ಮುಗಿಯುತ್ತ ಬಂದಂತೆ ನನಗೆ ಮೂರು ಬಗೆಯ ಫೋನುಗಳು ಬರುತ್ತವೆ. ಮೊದಲನೆಯದು ಡೊಂಬಿವಲಿ, ಥಾಣೆ, ಮೀರಾ ರೋಡ್ ಕಡೆಯ ಅಪ್ಪಂದಿರದು: “ಮಗಳಿಗೆ ನೀಟ್ ಆಗ್ಲಿಲ್ಲ ಸರ್. ಹಕ್ಕಿ, ಹಾವು ಅಂದ್ರೆ ಪ್ರಾಣ ಬಿಡ್ತಾಳೆ. ಅದನ್ನೇ ಓದಿಸಿದ್ರೆ ಹೊಟ್ಟೆ ತುಂಬುತ್ತಾ?” ಎರಡನೆಯದು ವಾಸ್ಕೋದಿಂದಲೋ ಬೆಳಗಾವಿಯಿಂದಲೋ ಬಿಎಸ್ಸಿ ಮುಗಿಸಿದ ಹುಡುಗರದು, ಎಂಎಸ್ಸಿಗೆ ಎಲ್ಲಿ ಹೋಗಲಿ ಎಂಬ ಗೊಂದಲ. ಮೂರನೆಯದು ಹಿಂಜವಡಿಯ ಐಟಿ ಕಂಪನಿಗಳಿಂದ. ವಯಸ್ಸು ಮೂವತ್ತು ದಾಟಿರುತ್ತದೆ, ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇರುತ್ತದೆ, ಕೆಲಸ ಬಿಡುವ ಆಸೆ ಇರುತ್ತದೆ.

ನಾನು ಕುಮಟಾ ಕಡೆಯವನು. ಇಪ್ಪತ್ತೊಂದು ವರ್ಷದಿಂದ ಮುಂಬಯಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಹೇಳಿದ್ದನ್ನೇ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಲೇಸು ಅನ್ನಿಸಿತು. ಯಾವುದು ಶ್ರೇಷ್ಠ ಎಂದು ಇಲ್ಲಿ ಹೇಳುವುದಿಲ್ಲ. ಯಾರಿಗೆ ಯಾವುದು ಒಗ್ಗುತ್ತದೆ ಎಂದಷ್ಟೇ ಹೇಳುತ್ತೇನೆ.

ಮೊದಲು ಅಳತೆಗೋಲು

ಎಲ್ಲರೂ ಕೇಳುವುದು ರ‍್ಯಾಂಕಿಂಗ್. ಎಂಜಿನಿಯರಿಂಗಿಗೆ ಅದು ಕೆಲಸಕ್ಕೆ ಬಂದೀತು. ಇಕಾಲಜಿ, ಅಂದರೆ ಜೀವಿಗಳಿಗೂ ಅವುಗಳ ಪರಿಸರಕ್ಕೂ ಇರುವ ನಂಟಿನ ವಿಜ್ಞಾನ, ಓದುವವರಿಗೆ ನಾನು ಕೇಳಲು ಹೇಳುವ ಮೊದಲ ಪ್ರಶ್ನೆ ಬೇರೆ: ಈ ಕಾಲೇಜಿನ ಗೇಟಿನಿಂದ ಒಂದು ಬಸ್ಸಿನ ಟಿಕೇಟಿನ ದೂರದಲ್ಲಿ ಏನಿದೆ, ಅಲ್ಲಿಗೆ ವರ್ಷಕ್ಕೆ ಎಷ್ಟು ದಿನ ಕರೆದೊಯ್ಯುತ್ತಾರೆ? ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ದೂರದ ಹುಲಿ ಕಾಡಿಗೆ ಹೋಗಿ ಜೀಪಿನಲ್ಲಿ ಎರಡು ಸುತ್ತು ಹಾಕಿ ಬರುವುದು ಪ್ರವಾಸ. ಅದೇ ಕೆರೆಗೆ, ಅದೇ ಗುಡ್ಡಕ್ಕೆ ಮಳೆಯಲ್ಲೊಮ್ಮೆ, ಚಳಿಯಲ್ಲೊಮ್ಮೆ, ಬಿರುಬೇಸಿಗೆಯಲ್ಲೊಮ್ಮೆ ಹೋಗಿ ಅದೇ ಗಿಡಗಳನ್ನು ಎಣಿಸುವುದು ಓದು. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ವರ್ಷ ನಮ್ಮ ಫೀಲ್ಡ್ ಟ್ರಿಪ್ ಎಂದರೆ ರೆಸಾರ್ಟ್ ಒಂದರ ತೋಟ. ಮಧ್ಯಾಹ್ನ ಪೂರಿ-ಶ್ರೀಖಂಡದ ಊಟ, ಸಂಜೆ ವಾಪಸು. ಪ್ರಾಕ್ಟಿಕಲ್ ಜರ್ನಲ್ಲಿನಲ್ಲಿ “ಅರಣ್ಯ ಪರಿಸರ ವ್ಯವಸ್ಥೆಯ ಅಧ್ಯಯನ” ಎಂದು ಹನ್ನೆರಡು ಪುಟ ಬರೆದೆವು, ಎಲ್ಲರಿಗೂ ಒಂದೇ ಅಂಕ ಬಂತು. ಆ ಕಾಲೇಜಿನ ಹೆಸರು ಬೇಡ. ಅಂಥವು ಇವತ್ತಿಗೂ ಬೇಕಾದಷ್ಟಿವೆ.

ಎರಡನೆಯ ಅಳತೆಗೋಲು ಪದವಿಯ ಮೇಲೆ ಅಚ್ಚಾಗುವ ಹೆಸರು. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಇಂಡಿಯನ್ ಫಾರೆಸ್ಟ್ ಸರ್ವಿಸ್ ಪರೀಕ್ಷೆ ಬರೆಯಬೇಕಿದ್ದರೆ ಪದವಿಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯ ಇವುಗಳಲ್ಲಿ ಒಂದಾದರೂ ವಿಷಯ ಇರಬೇಕು; ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ‘ಪರಿಸರ ವಿಜ್ಞಾನ’, ‘ಬಯೋಟೆಕ್ನಾಲಜಿ’ ಎಂಬ ಚೆಂದದ ಹೆಸರುಗಳು ಆ ಪಟ್ಟಿಯಲ್ಲಿಲ್ಲ. ಕಾಡು ಕಾಯುವ ಅಧಿಕಾರಿ ಆಗಬೇಕೆಂದು ಕನಸು ಕಂಡು ಪರಿಸರ ವಿಜ್ಞಾನ ಓದಿದವರು ಜೊತೆಗೆ ಬಾಟನಿಯೋ ಕೆಮಿಸ್ಟ್ರಿಯೋ ತೆಗೆದುಕೊಂಡಿರದಿದ್ದರೆ ಅರ್ಜಿ ತುಂಬುವ ಹೊತ್ತಿಗೇ ಹೊರಗುಳಿಯುತ್ತಾರೆ. ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೂ ಇದೇ ಕತೆ. ಜಾಹೀರಾತುಗಳು ಹೆಚ್ಚಾಗಿ ಕೇಳುವುದು ಎಂಎಸ್ಸಿ ಜುವಾಲಜಿ ಅಥವಾ ಬಾಟನಿಯನ್ನೇ. ಇನ್ನೊಂದು ಮಾತು ನಮ್ಮವರಿಗೆ ಮಾತ್ರ: ಕಾಲೇಜು ಅಧ್ಯಾಪಕರಾಗಲು ಪುಣೆ ವಿಶ್ವವಿದ್ಯಾಲಯ ನಡೆಸುವ ಸೆಟ್ ಎಂಬ ಅರ್ಹತಾ ಪರೀಕ್ಷೆ ಮಹಾರಾಷ್ಟ್ರ ಮತ್ತು ಗೋವಾಕ್ಕೆ. ಮುಂದೆ ಧಾರವಾಡಕ್ಕೋ ಶಿವಮೊಗ್ಗಕ್ಕೋ ಮರಳಿ ಪಾಠ ಮಾಡುವ ಯೋಚನೆಯಿದ್ದರೆ ಕರ್ನಾಟಕದ ಕೆಸೆಟ್ ಅಥವಾ ರಾಷ್ಟ್ರಮಟ್ಟದ ನೆಟ್ ಬರೆಯಿರಿ.

ಮೂರನೆಯದು ಲೆಕ್ಕ. ಪ್ರಾಣಿ ಪ್ರೀತಿಯಿಂದ ಈ ಕಡೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಗಣಿತಕ್ಕೆ ಹೆದರಿ ಬಂದವರು. ಇಕಾಲಜಿಯೆಂದರೆ ಎಣಿಸುವ ವಿದ್ಯೆ. ನೋಡಿದ್ದೆಷ್ಟು, ಕಣ್ಣು ತಪ್ಪಿದ್ದೆಷ್ಟು ಎಂದು ಅಂದಾಜಿಸುವ ವಿದ್ಯೆ. ಸಂಖ್ಯಾಶಾಸ್ತ್ರವನ್ನೂ ಕಂಪ್ಯೂಟರಿನಲ್ಲಿ ಆರ್ ಎಂಬ ತಂತ್ರಾಂಶವನ್ನೂ ಕಲಿಸುವ ಕೋರ್ಸು, ಸಫಾರಿ ಮಾಡಿಸುವ ಕೋರ್ಸಿಗಿಂತ ಮೇಲು. ನಾಲ್ಕನೆಯದು ದುಡ್ಡು, ಅದನ್ನು ಆಯಾ ಜಾಗದಲ್ಲೇ ಹೇಳುತ್ತ ಹೋಗುತ್ತೇನೆ.

ಪಿಯುಸಿ ಮುಗಿಸಿದವರಿಗೆ: ಐದು ವರ್ಷದ ದಾರಿ

ಪಾಷಾಣದಲ್ಲಿರುವ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಪುಣೆ ಶುರುವಾದದ್ದು 2006ರಲ್ಲಿ. ಐದು ವರ್ಷದ ಬಿಎಸ್-ಎಂಎಸ್. ಮೊದಲ ವರ್ಷಗಳಲ್ಲಿ ಜೀವಶಾಸ್ತ್ರದ ಜೊತೆಗೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲವನ್ನೂ ಓದಬೇಕು. ಕೊನೆಯ ವರ್ಷ ಪೂರ್ತಿ ಸಂಶೋಧನೆ. ಐಎಟಿ ಎಂಬ ಪ್ರವೇಶ ಪರೀಕ್ಷೆಯಲ್ಲಿ ನಾಲ್ಕು ವಿಷಯಕ್ಕೂ ಹದಿನೈದು ಹದಿನೈದು ಪ್ರಶ್ನೆ. ಮುಂಬಯಿಯಲ್ಲಿ ಹನ್ನೊಂದನೆಯ ತರಗತಿಗೇ ಗಣಿತ ಬಿಟ್ಟು ಡಾಕ್ಟರಾಗಲು ಹೊರಟ ಮಕ್ಕಳು ಇಲ್ಲಿ ಎಡವುತ್ತಾರೆ. ಕರ್ನಾಟಕದಲ್ಲಿ ಪಿಸಿಎಂಬಿ ಓದಿ ಬಂದವರಿಗೆ ಆ ತೊಡಕಿಲ್ಲ. ಊರಿನ ಬಂಧುಗಳ ಮಕ್ಕಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಇದಕ್ಕೆ ಹೋಲುವ ದಾರಿ ಮುಂಬಯಿಯ ಕಲಿನಾ ಆವರಣದಲ್ಲಿದೆ: ಪರಮಾಣು ಶಕ್ತಿ ಇಲಾಖೆ ಮತ್ತು ಮುಂಬಯಿ ವಿಶ್ವವಿದ್ಯಾಲಯ ಸೇರಿ 2007ರಲ್ಲಿ ಆರಂಭಿಸಿದ ಮೂಲವಿಜ್ಞಾನ ಕೇಂದ್ರ, ಎಲ್ಲರೂ ಸಿಬಿಎಸ್ ಎನ್ನುವುದು ಇದನ್ನೇ. ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ, ಪ್ರವೇಶ ನೆಸ್ಟ್ ಪರೀಕ್ಷೆಯ ಮೂಲಕ. ಅಲ್ಲಿ ನಾಲ್ಕು ವಿಭಾಗಗಳಲ್ಲಿ ಚೆನ್ನಾಗಿ ಮಾಡಿದ ಮೂರನ್ನು ಲೆಕ್ಕಕ್ಕೆ ಹಿಡಿಯುತ್ತಾರಾದ್ದರಿಂದ ಗಣಿತದಲ್ಲಿ ಸೋತವರಿಗೂ ಉಸಿರಾಡಲು ಜಾಗವಿದೆ. ಸಣ್ಣ ಬ್ಯಾಚು, ಹೆಸರು ಕರೆದು ಮಾತಾಡಿಸುವ ಮೇಷ್ಟ್ರುಗಳು.

ಇವೆರಡರಲ್ಲಿ ಯಾವುದು? ಇಕಾಲಜಿ, ವಿಕಾಸವಾದ, ಪ್ರಾಣಿಗಳ ನಡವಳಿಕೆಯ ಕಡೆ ಒಲವಿದ್ದರೆ ಐಸರ್ ಎನ್ನುತ್ತೇನೆ. ಆ ವಿಷಯಗಳಲ್ಲಿ ಕೆಲಸ ಮಾಡುವವರು ಅಲ್ಲಿದ್ದಾರೆ. ಜೀವಕೋಶ, ಅಣು, ಪ್ರೋಟೀನು ಎಂದು ಒಳಗಿನತ್ತ ಹೊರಟವರಿಗೆ ಸಿಬಿಎಸ್ ಕೂಡ ಸೊಗಸು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಭಾಭಾ ಅಣು ಸಂಶೋಧನಾ ಕೇಂದ್ರವೂ ಅದೇ ಊರಲ್ಲಿವೆ. ಆದರೆ ಎರಡೂ ಕಡೆ ಒಂದು ಎಚ್ಚರ ಬೇಕು. ಇವು ವಿಜ್ಞಾನಿಗಳನ್ನು ತಯಾರಿಸುವ ಜಾಗಗಳು. ಗಿಡದ ಹೆಸರು, ಹಕ್ಕಿಯ ಕೂಗು ಕಲಿಸುವ ಹೊಣೆ ಅವರದ್ದಲ್ಲ, ಅದನ್ನು ನೀವೇ ಕಲಿತುಕೊಳ್ಳಬೇಕು. ಡಿಎನ್‌ಎ ಓದಬಲ್ಲ ಹುಡುಗನೊಬ್ಬ ಹೊನ್ನೆ ಮತ್ತು ಬೀಟೆ ಮರಗಳ ನಡುವೆ ಕಕ್ಕಾಬಿಕ್ಕಿಯಾಗಿ ನಿಂತದ್ದನ್ನು ನೋಡಿದ್ದೇನೆ.

ಖರ್ಚು? ಹಾಸ್ಟೆಲು ಸೇರಿದರೆ ಐಸರ್‌ನಲ್ಲಿ ವರ್ಷಕ್ಕೆ ಲಕ್ಷದ ಆಚೀಚೆ ಹಿಡಿದುಕೊಳ್ಳಿ. ಹೆದರಬೇಕಿಲ್ಲ, ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇದು. ಬಹಳ ಮಂದಿಗೆ ತಿಳಿಯದ ಸಂಗತಿ: ಇದು ಐಸರ್‌ಗಷ್ಟೇ ಮೀಸಲಲ್ಲ. ಮೂಲೆಯ ಕಾಲೇಜಿನಲ್ಲಿ ಬಿಎಸ್ಸಿ ಜುವಾಲಜಿ, ಬಾಟನಿ, ಮೈಕ್ರೋಬಯಾಲಜಿ ಓದುವವರೂ ಅರ್ಜಿ ಹಾಕಬಹುದು. ಬಯೋಟೆಕ್ನಾಲಜಿ ಆ ಪಟ್ಟಿಯಲ್ಲಿಲ್ಲ.

ಗೋವಾದ ಜುವಾರಿನಗರದಲ್ಲಿ 2004ರಿಂದ ಇರುವ ಬಿಟ್ಸ್ ಆವರಣದಲ್ಲೂ ಬಯಲಾಜಿಕಲ್ ಸೈನ್ಸಸ್ ಎಂಎಸ್ಸಿ ಇದೆ. ತಮಾಷೆಯೆಂದರೆ ಅದಕ್ಕೆ ಸೇರಲು ಪಿಯುಸಿಯಲ್ಲಿ ಜೀವಶಾಸ್ತ್ರ ಬೇಡ, ಗಣಿತ ಬೇಕು. ಹೆಚ್ಚಿನವರು ಸೇರುವುದು ಅದರ ಜೊತೆ ಸಿಗುವ ಎರಡನೆಯ ಡಿಗ್ರಿಗಾಗಿ, ಅಂದರೆ ಎಂಜಿನಿಯರಿಂಗಿಗಾಗಿ. ಐದು ವರ್ಷದ ಖರ್ಚು ಇಪ್ಪತ್ತು ಲಕ್ಷ ದಾಟುತ್ತದೆ. ಕಪ್ಪೆ, ಕಾಡು ಎಂದು ಕನಸು ಕಾಣುವವರು ಆ ದುಡ್ಡನ್ನು ಉಳಿಸಿಕೊಳ್ಳಿ.

ಸಾದಾ ಬಿಎಸ್ಸಿ ಸಾದಾ ಅಲ್ಲ

ಐಎಟಿ, ನೆಸ್ಟ್ ಎರಡೂ ಕೈಕೊಟ್ಟವರು ಮುಖ ಸಣ್ಣದು ಮಾಡಿಕೊಂಡು ಬಿಎಸ್ಸಿಗೆ ಬರುತ್ತಾರೆ. ಬೇಕಿಲ್ಲ. ಮುಂಬಯಿಯ ಹಳೆಯ ಕಾಲೇಜುಗಳಲ್ಲಿ ಜುವಾಲಜಿ, ಬಾಟನಿ ವಿಭಾಗಗಳು ಸರ್ಕಾರಿ ಅನುದಾನದವು. ವರ್ಷದ ಫೀಸು ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಅದೇ ಕಟ್ಟಡದ ಮೇಲಿನ ಮಹಡಿಯ ಬಯೋಟೆಕ್ ಹೆಚ್ಚಾಗಿ ಸೆಲ್ಫ್ ಫೈನಾನ್ಸ್, ಫೀಸು ಹಲವು ಪಟ್ಟು. ಹೊಸ ಹೆಸರಿಗೆ ಜಾಸ್ತಿ ದುಡ್ಡು ಕೊಟ್ಟು, ಇನ್‌ಸ್ಪೈರ್ ಕಳೆದುಕೊಂಡು, ಫಾರೆಸ್ಟ್ ಸರ್ವಿಸ್ ಬಾಗಿಲನ್ನೂ ಮುಚ್ಚಿಕೊಳ್ಳುವ ಮಂದಿಯನ್ನು ಪ್ರತಿ ವರ್ಷ ನೋಡುತ್ತೇನೆ.

ಸೇಂಟ್ ಝೇವಿಯರ್ಸ್ ಕಾಲೇಜಿಗೆ ಒಂದು ಆಸ್ತಿಯಿದೆ: ಬ್ಲಾಟರ್ ಹರ್ಬೇರಿಯಂ. ಪಾದ್ರಿ ಬ್ಲಾಟರ್, ಆಮೇಲೆ ಪಾದ್ರಿ ಸಾಂತಾಪೌ ಪಶ್ಚಿಮ ಭಾರತದ ಗಿಡಗಳನ್ನು ಒಣಗಿಸಿ, ಹೆಸರಿಟ್ಟು, ಜೋಡಿಸಿದ ಜಾಗ ಅದು. ಪಕ್ಷಿತಜ್ಞ ಸಲೀಂ ಅಲಿಯವರನ್ನು ಪ್ರಾಣಿಶಾಸ್ತ್ರದ ಓದಿಗೆ ಹಚ್ಚಿದವರೂ ಇದೇ ಬ್ಲಾಟರ್. ಮಾಟುಂಗಾದ ರೂಯಾ ಕಾಲೇಜು ನಮ್ಮವರಿಗೆ ಮನೆಯಂಗಳ. ಮೈಸೂರು ಅಸೋಸಿಯೇಷನ್ನಿನಿಂದ ನಡೆದೇ ಹೋಗಬಹುದು. ಇವೆರಡೂ ಸ್ವಾಯತ್ತ ಕಾಲೇಜುಗಳು, ಪಠ್ಯ ತಾವೇ ಬದಲಿಸಿಕೊಳ್ಳಬಲ್ಲವು. 1920ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಈಗ ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯದ ಭಾಗ. ಎಂಎಸ್ಸಿಗೆ ಹೋಗುವವರ ಕಣ್ಣಲ್ಲಿ ಅದೂ ಇರಲಿ.

ಈಗ ನನ್ನ ಬಸ್ಸಿನ ಟಿಕೇಟಿನ ಲೆಕ್ಕಕ್ಕೆ ಬರೋಣ. ಮುಂಬಯಿಯಲ್ಲಿ ಏನಿದೆ ಎಂದು ಮೂಗು ಮುರಿಯುವವರು ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತದ ಹೊತ್ತು ನೋಡಿಕೊಂಡು ಹಾಜಿ ಅಲಿ ಬಂಡೆಗಳ ಕಡೆ ಬರಲಿ. ಬಂಡೆಗೆ ಹಾಸಿದಂತಿರುವ ಝೋವಾಂಥಿಡ್ ಜೀವಿಗಳು, ಚಿಪ್ಪಿಲ್ಲದ ಕಡಲಹುಳುಗಳು, ತನ್ನದಲ್ಲದ ಶಂಖದೊಳಗೆ ಕೂತ ಏಡಿಗಳು, ಎಲ್ಲ ಮೊಣಕಾಲು ನೀರಿನಲ್ಲೇ. ಒಂದು ಮೀಟರ್ ಚೌಕ ಇಟ್ಟು ಎಣಿಸಿದರೆ ಬೆಳಗಿನ ಪ್ರಾಕ್ಟಿಕಲ್ ಆಯಿತು. ಖರ್ಚು ಲೋಕಲ್ ರೈಲಿನ ಪಾಸಿನಲ್ಲೇ ಮುಗಿಯಿತು. ಬೋರಿವಲಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಸುಮಾರು 104 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ, ಅದರೊಳಗೆ ಚಿರತೆ. ಥಾಣೆ ಖಾರಿಯಲ್ಲಿ ರಾಜಹಂಸಗಳು. 2022ರಲ್ಲಿ ಅದು ರಾಮ್‌ಸಾರ್ ತಾಣವೂ (ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲ) ಆಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಐರೋಲಿಯಲ್ಲಿ ಮನೆ ಇಟ್ಟುಕೊಂಡು ಹಂಸ ನೋಡಲು ಗುಜರಾತಿಗೆ ಹೋಗುವವರಿದ್ದಾರೆ.

ಮುಂಬಯಿಯ ಅಡ್ಡಿಯೆಂದರೆ ಹೊತ್ತು. ಡೊಂಬಿವಲಿಯಿಂದ ಹೋಗಿ ಬರುವುದರಲ್ಲೇ ಮೂರು ತಾಸು. ಇಳಿತ ಬೆಳಗಿನ ಆರಕ್ಕಿದ್ದರೆ ಮಕ್ಕಳು ನಾಲ್ಕಕ್ಕೆ ಏಳಬೇಕು, ಹೆಣ್ಣುಮಕ್ಕಳ ಮನೆಯವರು ಒಪ್ಪಬೇಕು. ಹಾಗಾಗಿ ಹಲವು ಕಾಲೇಜುಗಳು ಕಡಲನ್ನು ಬಿಟ್ಟು ಬಾಟಲಿಯೊಳಗಿನ ಸ್ಪೆಸಿಮನ್‌ಗೇ ಅಂಟಿಕೊಂಡಿವೆ. 2011ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪ್ರಾಣಿ ಕೊಯ್ಯುವುದನ್ನು ಹಂತಹಂತವಾಗಿ ಬಿಡಿ ಎಂದಾಗ, ಉಳಿದ ಪ್ರಾಕ್ಟಿಕಲ್ ತಾಸುಗಳು ಹೊರಾಂಗಣಕ್ಕೆ ಸಿಗುತ್ತವೆಂದು ನಾನು ಆಸೆಪಟ್ಟಿದ್ದೆ. ಅವು ಪ್ರೊಜೆಕ್ಟರಿಗೆ ಹೋದವು.

ಪುಣೆ: ಎಂಎಸ್ಸಿಗೆ ಹೇಳಿ ಮಾಡಿಸಿದ ಊರು

ಬಿಎಸ್ಸಿ ಎಲ್ಲಾದರೂ ಮಾಡಿ, ಎಂಎಸ್ಸಿಗೆ ಪುಣೆಯನ್ನು ಒಮ್ಮೆ ಗಂಭೀರವಾಗಿ ನೋಡಿ. ಒಂದೇ ಊರಿನಲ್ಲಿ ಇಷ್ಟು ಬಗೆ ಬೇರೆಲ್ಲೂ ಸಿಗುವುದು ಕಷ್ಟ. ಗಣೇಶಖಿಂಡದ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ ಜುವಾಲಜಿ, ಬಾಟನಿ, ಪರಿಸರ ವಿಜ್ಞಾನ ಬೇರೆ ಬೇರೆ ವಿಭಾಗಗಳು. ಫೀಸು ಕಡಿಮೆ, ಪದವಿಯ ಹೆಸರು ಗಟ್ಟಿ, ನೆಟ್ ಬರೆಯುವ ಗೆಳೆಯರ ಗುಂಪು ಸಿಗುತ್ತದೆ. ಬಡತನದ ಮನೆಯಿಂದ ಬಂದವರಿಗೆ, ಪಾಠ ಮಾಡುವ ಗುರಿಯಿರುವವರಿಗೆ ನನ್ನ ಮೊದಲ ಮತ ಇದಕ್ಕೆ.

ಆಬಾಸಾಹೇಬ ಗರವಾರೆ ಕಾಲೇಜಿನಲ್ಲಿ ಬಯೋಡೈವರ್ಸಿಟಿ ಎಂಬ ಎಂಎಸ್ಸಿ ಇದೆ. ಗಿಡ, ಕೀಟ, ಹಕ್ಕಿಗಳನ್ನು ಗುರುತಿಸುವ ಕಣ್ಣು ಬೇಕೆನ್ನುವವರಿಗೆ ಇಂಥ ಕೋರ್ಸು ಚೆನ್ನ. ಭಾರತಿ ವಿದ್ಯಾಪೀಠದ ಪರಿಸರ ಶಿಕ್ಷಣ ಸಂಸ್ಥೆ 1993ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಡಾ. ಎರಾಕ್ ಭರೂಚಾ ವೃತ್ತಿಯಿಂದ ಶಸ್ತ್ರವೈದ್ಯರು. ದೇಶದ ಎಲ್ಲ ಪದವಿ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಓದುವ ಪರಿಸರ ಅಧ್ಯಯನಕ್ಕೆ ಯುಜಿಸಿ ಬರೆಸಿದ ಪಠ್ಯ ಅವರದೇ. ಅಲ್ಲಿ ಪರಿಸರ ವಿಜ್ಞಾನದ ಜೊತೆಗೆ ವನ್ಯಜೀವಿ ಸಂರಕ್ಷಣೆಯ ಕ್ರಿಯೆಗೇ ಮೀಸಲಾದ ಎಂಎಸ್ಸಿಯೂ ಇದೆ. ಊರಿನವರೊಂದಿಗೆ ಕೂತು ಮಾತಾಡುವುದು, ಶಾಲೆಗಳಲ್ಲಿ ಹೇಳಿಕೊಡುವುದು, ಸಂಸ್ಥೆಗಳಿಗೆ ಯೋಜನೆ ಬರೆಯುವುದು ಇಂಥ ಕೆಲಸಕ್ಕೆ ಹೋಗುವವರಿಗೆ ಅದು ಹೊಂದುತ್ತದೆ. ಫೀಸು ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಹೆಚ್ಚು, ಮತ್ತು ನಾನು ಮೇಲೆ ಹೇಳಿದ ಹೆಸರಿನ ತೊಡಕು ಇಲ್ಲೂ ಇದೆ. ಬಿಎಸ್ಸಿಯಲ್ಲಿ ಜುವಾಲಜಿಯೋ ಬಾಟನಿಯೋ ಮಾಡಿಟ್ಟುಕೊಂಡಿದ್ದರೆ ಅರ್ಧ ಚಿಂತೆ ಕಳೆಯಿತು.

ಇವುಗಳ ಸುತ್ತ ಇನ್ನೊಂದು ವರ್ತುಲವಿದೆ: 1946ರಲ್ಲಿ ಹುಟ್ಟಿದ ಆಘಾರಕರ್ ಸಂಶೋಧನಾ ಸಂಸ್ಥೆ, ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕಚೇರಿ, ಆಕುರ್ಡಿಯಲ್ಲಿ ಪ್ರಾಣಿ ಸರ್ವೇಕ್ಷಣೆಯ ಕೇಂದ್ರ. ಇವು ಎಂಎಸ್ಸಿ ಸೀಟು ಕೊಡುವ ಜಾಗಗಳಲ್ಲ. ಆದರೆ ಡೆಸರ್ಟೇಷನ್ ಮಾಡುವಾಗ ಗಿಡದ ಗುರುತು ಖಾತ್ರಿ ಮಾಡಿಕೊಳ್ಳಲು, ಪಿಎಚ್‌ಡಿಗೆ ಗೈಡ್ ಹುಡುಕಲು ಇಲ್ಲಿ ಎಡತಾಕಬೇಕು. ಪುಣೆಯವರೇ ಆದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ವಿ.ಡಿ. ವರ್ತಕ್ ಅವರ ಜೊತೆ 1970ರ ದಶಕದಲ್ಲಿ ದೇವರಾಯಿಗಳ (ದೇವರ ಹೆಸರಿನಲ್ಲಿ ಉಳಿಸಿದ ಕಾಡುಗಳ) ಅಧ್ಯಯನ ಮಾಡಿದ್ದು ಆಘಾರಕರ್ ಸಂಸ್ಥೆಯ ಬಳಗದಲ್ಲೇ. ನಮ್ಮ ಕಡೆಯ ದೇವರಕಾಡು, ಕಾನು ನೋಡಿ ಬೆಳೆದವರಿಗೆ ಆ ಪ್ರಬಂಧಗಳು ಮನೆಯ ಮಾತಿನ ಹಾಗೆ ಓದಿಸಿಕೊಳ್ಳುತ್ತವೆ.

ಬಸ್ಸಿನ ಟಿಕೇಟು? ಪುಣೆಯ ಭಾಗ್ಯ ಇಲ್ಲಿದೆ. ಪಶ್ಚಿಮಕ್ಕೆ ಹೊರಟರೆ ತಾಮ್ಹಿಣಿ, ಮುಳಶಿ, ಭೀಮಾಶಂಕರ. ಮಳೆ ಸುರಿಯುವ ಘಟ್ಟ, ಅವರು ಶೇಕರು ಎನ್ನುವ ನಮ್ಮ ಕೆಂಜಳಿಲು. ಪೂರ್ವಕ್ಕೆ ಹೊರಟರೆ ನೂರು ಕಿಲೋಮೀಟರಿನೊಳಗೆ ಮಳೆ ನಿಂತು ಹುಲ್ಲುಗಾವಲು. ಮಯೂರೇಶ್ವರದಲ್ಲಿ ಚಿಂಕಾರ, ಭಿಗವಣದ ಹಿನ್ನೀರಿನಲ್ಲಿ ರಾಜಹಂಸ, ಸಾಸವಡದಾಚೆ ಧನಗರರ ಕುರಿಮಂದೆಯ ಬೆನ್ನಿಗೇ ತೋಳ. ಸರ್ಕಾರಿ ಕಡತದಲ್ಲಿ ಈ ಹುಲ್ಲುಗಾವಲಿಗೆ ಬಂಜರು ಎಂದು ಹೆಸರು. ಬಂಜರಿನಲ್ಲಿ ತೋಳ ಏನು ತಿಂದು ಬದುಕುತ್ತದೆ ಎಂದು ಒಂದು ಸೆಮಿಸ್ಟರ್ ಯೋಚಿಸಿದರೆ ಸಂರಕ್ಷಣೆಯ ರಾಜಕಾರಣ ಅರ್ಧ ಅರ್ಥವಾಗುತ್ತದೆ. ಧನಗರ ಅಜ್ಜನೊಬ್ಬ ಲಾಂಡಗಾ ಎಂದಾಗ ತೋಳ ಎಂದು ಗೊತ್ತಾಗುವಷ್ಟು ಮರಾಠಿ ಕಲಿತರೆ ಸಾಕು. ಕೊಲ್ಲಾಪುರದಿಂದ ಕೆಳಗೆ ಬಂದರೆ ಅವರಲ್ಲಿ ಹಲವರಿಗೆ ಕನ್ನಡವೇ ಬರುತ್ತದೆ.

ಗೋವಾ: ಕಡಲಿಗೆ ಹೊರಟವರಿಗೆ

ಗೋವಾ ವಿಶ್ವವಿದ್ಯಾಲಯ ತಾಳಗಾಂವ್ ಪ್ರಸ್ಥಭೂಮಿಯ ಮೇಲಿದೆ, 1985ರಲ್ಲಿ ಆರಂಭವಾದದ್ದು. ಅದಕ್ಕೆ ಕೂಗಳತೆಯ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, 1966ರದ್ದು. ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಪ್ಲವಕ, ಹವಳ, ಮೀನು, ಅಳಿವೆಯ ಕೆಸರು ಇವುಗಳಲ್ಲಿ ಮನಸ್ಸಿದ್ದರೆ ಬೇರೆ ಕಡೆ ಹುಡುಕುವ ಮೊದಲು ಇಲ್ಲಿಗೆ ಬನ್ನಿ. ಎಂಎಸ್ಸಿ ಪ್ರವೇಶಕ್ಕೆ ಅವರದೇ ಪರೀಕ್ಷೆಯಿದೆ. ಹೊರರಾಜ್ಯದವರಿಗೆ ಎಷ್ಟು ಸೀಟು ಎಂಬ ಪುಟವನ್ನು ಪ್ರಾಸ್ಪೆಕ್ಟಸ್‌ನಲ್ಲಿ ಮೊದಲು ಓದಿ, ಆಮೇಲೆ ಫೀಸಿನ ಪುಟ. ಗೋವಾದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು, ಬೈನಾ, ಜುವಾರಿನಗರ, ಮಡಗಾಂವ್ ಕಡೆಯವರು, ಅಲ್ಲಿಯ ಕಾಲೇಜಿನಲ್ಲೇ ಬಿಎಸ್ಸಿ ಮಾಡುವುದು ಜಾಣತನ. ಮಡಗಾಂವಿನ ಚೌಗುಲೆ ಕಾಲೇಜು 1962ರಿಂದ ಇದೆ, ಸ್ವಾಯತ್ತ. ಮನೆಯ ಊಟ ಉಂಡು ಓದಿದರೆ ಹಾಸ್ಟೆಲಿನ ದುಡ್ಡು ಉಳಿಯುತ್ತದೆ.

ಇಲ್ಲಿ ಬಸ್ಸಿನ ಟಿಕೇಟೂ ಬೇಡ. ರಿಬಂದರದಿಂದ ಚೋಡಣ ದ್ವೀಪಕ್ಕೆ ದೋಣಿ. ಇಳಿದರೆ ಸಲೀಂ ಅಲಿ ಹೆಸರಿನ ಪಕ್ಷಿಧಾಮ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಖಾಜನ್ ಗದ್ದೆಗಳಲ್ಲಿ ಭರತದ ಉಪ್ಪುನೀರು ತಡೆಯುವ ಮಾನಸ್ ಎಂಬ ಮರದ ಬಾಗಿಲನ್ನು ನೋಡಿ. ಭತ್ತ, ಮೀನು, ಉಪ್ಪು ಮೂರೂ ಒಂದೇ ವ್ಯವಸ್ಥೆಯಲ್ಲಿ ಹೇಗೆ ನಡೆಯುತ್ತಿದ್ದವು ಎಂಬುದನ್ನು ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಅದು ಹೇಳುತ್ತದೆ. ನಮ್ಮ ಅಘನಾಶಿನಿ ಕಡೆಯ ಗಜನಿ, ಅಲ್ಲಿಯ ಕಗ್ಗ ಭತ್ತ ಕಂಡವರಿಗೆ ಇದು ಹೊಸತಲ್ಲ. ಮೋರ್ಜಿ, ಗಾಲ್ಜಿಬಾಗ್ ಮರಳಿನಲ್ಲಿ ಆಮೆ ಮೊಟ್ಟೆಯಿಡುತ್ತದೆ. ಕುಳೆಂ ರೈಲು ಹಿಡಿದರೆ ಮೊಲೆಮ್. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಸೇರಿ 240 ಚದರ ಕಿಲೋಮೀಟರು. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ತಡೆ. ಆ ಎರಡು ತಿಂಗಳು ಮತ್ತು ಅದರ ನಂತರ ಮೀನುಪೇಟೆಯಲ್ಲಿ ಏನೇನು ಬರುತ್ತದೆ ಎಂದು ಬರೆದಿಟ್ಟರೆ ಅದೇ ಒಂದು ಬಿಎಸ್ಸಿ ಪ್ರಾಜೆಕ್ಟು.

ಕೊರತೆಯೂ ಇದೆ. ಪುಣೆಯಷ್ಟು ಬಗೆಬಗೆಯ ಕೋರ್ಸುಗಳಿಲ್ಲ. ಕೆಲಸಕ್ಕೆ ಕೊನೆಗೆ ಗೋವಾ ಬಿಟ್ಟು ಹೊರಡಬೇಕಾದೀತು.

ಮೀನಿನ ಮಾತು ಬಂದದ್ದರಿಂದ ಮುಂಬಯಿಯ ವರ್ಸೋವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯನ್ನೂ ಹೇಳಿಬಿಡುತ್ತೇನೆ. 1961ರಲ್ಲಿ ಆರಂಭವಾಯಿತು, ಈಗ ಡೀಮ್ಡ್ ವಿಶ್ವವಿದ್ಯಾಲಯ. ಇಲ್ಲಿಯ ಎಂಎಫ್‌ಎಸ್ಸಿ ಮುಖ್ಯವಾಗಿ ಬಿಎಫ್‌ಎಸ್ಸಿ (ಮೀನುಗಾರಿಕಾ ವಿಜ್ಞಾನದ ಪದವಿ) ಓದಿದವರಿಗೆ. ಅಂದರೆ ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಿಂದ ಬಂದವರಿಗೆ ರಾಜಮಾರ್ಗ, ಸಾದಾ ಜುವಾಲಜಿಯವರಿಗೆ ಇಕ್ಕಟ್ಟಿನ ಓಣಿ. ಹೊಟ್ಟೆಪಾಡಿನ ದೃಷ್ಟಿಯಿಂದ ಈ ಇಡೀ ಬರಹದಲ್ಲಿ ಎಲ್ಲಕ್ಕಿಂತ ಭದ್ರವಾದ ದಾರಿ ಬಹುಶಃ ಇದೇ.

ಕ್ಯಾಮೆರಾ ಹಿಡಿದವರಿಗೆ

ಹಿಂಜವಡಿಯ ಗೆಳೆಯರೇ, ರಾಜೀನಾಮೆ ಕೊಡಬೇಡಿ. ಮೊದಲು ಶನಿವಾರ-ಭಾನುವಾರ ಕೊಟ್ಟು ನೋಡಿ. ಪುಣೆಯಲ್ಲಿ ಪ್ರಕಾಶ ಗೋಳೆಯವರು ಕಟ್ಟಿದ ಇಕಾಲಾಜಿಕಲ್ ಸೊಸೈಟಿ ಕೆಲಸದಲ್ಲಿರುವವರಿಗೆಂದೇ ಕೋರ್ಸು ನಡೆಸಿಕೊಂಡು ಬಂದಿದೆ. ಮುಂಬಯಿಯಲ್ಲಿ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿ, ಕೀಟ, ಹಾವು-ಕಪ್ಪೆ, ಗಿಡಗಳ ಬಗ್ಗೆ ಸಣ್ಣ ಕೋರ್ಸುಗಳನ್ನು ನಡೆಸುತ್ತದೆ. ಒಂದು ವರ್ಷ ಇದನ್ನು ಮಾಡಿ, ಕ್ಯಾಮೆರಾ ಮನೆಯಲ್ಲಿಟ್ಟು ನೋಟ್‌ಬುಕ್ ಹಿಡಿದು ಹೋಗುವ ಮನಸ್ಸು ಬಂದರೆ ಮುಂದಿನ ಮಾತು. ಈ ಸೊಸೈಟಿ ಮುಂಬಯಿ ವಿಶ್ವವಿದ್ಯಾಲಯದ ಮಾನ್ಯತೆಯೊಂದಿಗೆ ಸಂಶೋಧನೆಯ ಮೂಲಕ ಎಂಎಸ್ಸಿ, ಪಿಎಚ್‌ಡಿಗೂ ಅವಕಾಶ ಕೊಟ್ಟಿದೆ. ಸಲೀಂ ಅಲಿಯವರಿಗೇ ತಕ್ಕ ಪದವಿಯಿಲ್ಲವೆಂದು ಪ್ರಾಣಿ ಸರ್ವೇಕ್ಷಣೆಯ ಕೆಲಸ ತಪ್ಪಿತ್ತು. ಅದನ್ನು ನೆನೆದು ಸಮಾಧಾನ ಪಡಿ, ಆದರೆ ಪದವಿ ಬೇಡ ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ. ನಿಮಗೆ ಕೋಡಿಂಗ್ ಬರುತ್ತದೆ, ಅದು ಈ ಕ್ಷೇತ್ರದಲ್ಲಿ ದೊಡ್ಡ ಬಂಡವಾಳ.

ಹಾಗಾದರೆ ಯಾರು ಎಲ್ಲಿಗೆ?

ಪಿಸಿಎಂಬಿಯಲ್ಲಿ ಚೆನ್ನಾಗಿ ಮಾಡಿ, ಪ್ರಶ್ನೆ ಕೇಳುವ ಚಟವಿರುವವರು ಐಎಟಿ, ನೆಸ್ಟ್ ಎರಡನ್ನೂ ಬರೆಯಲಿ. ಗಣಿತ ಬಿಟ್ಟವರು, ಮುಂಬಯಿಯಲ್ಲೇ ಮನೆಯಿರುವವರು ಅನುದಾನಿತ ಕಾಲೇಜಿನಲ್ಲಿ ಜುವಾಲಜಿ ಅಥವಾ ಬಾಟನಿ ಹಿಡಿಯಲಿ, ರಜೆಯಲ್ಲಿ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಲಿ. ಅಧ್ಯಾಪಕರಾಗಬೇಕು, ಕೈಯಲ್ಲಿ ಕಾಸಿಲ್ಲ ಎನ್ನುವವರಿಗೆ ಪುಣೆ ವಿಶ್ವವಿದ್ಯಾಲಯ. ಸಂಸ್ಥೆಗಳಲ್ಲಿ ಸಂರಕ್ಷಣೆಯ ಕೆಲಸಕ್ಕೆ ಹೋಗುವವರಿಗೆ ಗರವಾರೆ ಅಥವಾ ಭಾರತಿ ವಿದ್ಯಾಪೀಠ. ಕಡಲಿಗೆ ಗೋವಾ. ಕಾಡಿನ ಜೊತೆ ಕಾಡಂಚಿನ ಜನರ ಬದುಕು, ಕಾನೂನು, ಪರಿಹಾರ ಇವುಗಳತ್ತ ಮನಸ್ಸು ವಾಲಿದರೆ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯನ್ನೂ ವಿಚಾರಿಸಿ. ಹುಲಿ, ಆನೆಗಳ ಸಂಶೋಧನೆಯೇ ಗುರಿಯಾದರೆ ಇಲ್ಲಿ ಬಿಎಸ್ಸಿ ಮುಗಿಸಿ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಗೋ ಬೆಂಗಳೂರಿನ ಎನ್‌ಸಿಬಿಎಸ್‌ಗೋ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಪ್ರಯತ್ನಿಸಿ. ಅಲ್ಲಿ ಸೀಟು ಬೆರಳೆಣಿಕೆಯಷ್ಟು. ಎನ್‌ಸಿಬಿಎಸ್‌ನ ವನ್ಯಜೀವಿ ಎಂಎಸ್ಸಿಗೆ ಎರಡು ವರ್ಷಕ್ಕೊಮ್ಮೆ ಪ್ರವೇಶ, ಆ ವರ್ಷ ತಪ್ಪಿದರೆ ಕಾಯಬೇಕು.

ಹೊಟ್ಟೆ ತುಂಬುತ್ತಾ ಎಂದು ಕೇಳಿದ ಅಪ್ಪಂದಿರಿಗೆ: ನೆಟ್-ಜೆಆರ್‌ಎಫ್ (ಸಂಶೋಧನೆ ಮಾಡುವವರ ಫೆಲೋಶಿಪ್) ಆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅಲ್ಲಿಯವರೆಗೆ ಫೀಲ್ಡ್ ಅಸಿಸ್ಟೆಂಟ್ ಆಗಿ ಸಿಗುವುದು ಕಡಿಮೆ, ಅದೂ ಪ್ರಾಜೆಕ್ಟ್ ಇದ್ದಷ್ಟು ದಿನ. ಎಂಎಸ್ಸಿ ಆದ ಮೇಲೆ ಎರಡು ಮೂರು ವರ್ಷ ಮನೆಯವರು ತಾಳಿಕೊಳ್ಳಬೇಕು. ಅದಾಗದ ಮನೆಯಾದರೆ ಬಿಎಸ್ಸಿಯ ಜೊತೆ ಬಿಎಡ್ ಅಥವಾ ಮೀನುಗಾರಿಕೆಯಂಥ ದಾರಿ ಮೊದಲೇ ಇಟ್ಟುಕೊಳ್ಳಿ. ಇಲ್ಲಿಯ ಕರ್ನಾಟಕ ಸಂಘಗಳು, ನಿಮ್ಮ ನಿಮ್ಮ ಸಮಾಜದ ಸಂಘಗಳು ಮಳೆಗಾಲದ ಹೊತ್ತಿಗೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆಯುತ್ತವೆ, ನಾಚಿಕೊಳ್ಳದೆ ಹಾಕಿ.

ಫೀಸು ಕಟ್ಟುವ ಮೊದಲು ಒಂದು ದಿನ ಕಾಲೇಜಿಗೆ ಹೋಗಿ. ಪ್ರಿನ್ಸಿಪಾಲರ ಕೋಣೆಗಲ್ಲ, ಕ್ಯಾಂಟೀನಿಗೆ. ಮೂರನೆಯ ವರ್ಷದವರೊಬ್ಬರ ಜರ್ನಲ್ ತೋರಿಸಲು ಕೇಳಿ. ಅದರಲ್ಲಿ ದಿನಾಂಕ, ಜಾಗ, ಬಿಸಿಲೋ ಮೋಡವೋ ಎಂಬುದು, ಕೆಸರಿನ ಕಲೆ ಇದೆಯೇ, ಅಥವಾ ಎಲ್ಲರದೂ ಒಂದೇ ಚಿತ್ರವೇ ಎಂದು ನೋಡಿ. ಆಮೇಲೆ ಲ್ಯಾಬಿಗೆ ಹೋಗಿ ಅಟೆಂಡೆಂಟ್ ಹತ್ತಿರ, ಗಂಬೂಟು ಎಲ್ಲಿಟ್ಟಿದ್ದೀರಿ ಎಂದು ಕೇಳಿ. ಬೀಗದ ಕೈ ಹುಡುಕಲು ಶುರುಮಾಡಿದರೆ ಮುಂದಿನ ಕಾಲೇಜಿಗೆ ಹೊರಡಿ.